ಕೋಳಿಯನ್ನು ಕೇಳಿ ಕಟ್ಟಿದ ಗೂಡು

‘ಕೋಳಿ ಕೇಳಿ ಮಸಾಲೆ ಅರೀತಾರಾ?’ ಅನ್ನೋ ಗಾದೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಮಸಾಲೆ ವಿಷಯ ಹೇಗಾದರೂ ಇರಲಿ, ಗೂಡಿನ ವಿಷಯದಲ್ಲಿ ಮಾತ್ರ ಕೋಳಿಯನ್ನೂ ಕೇಳಬೇಕು, ಕೋಳಿ ಸಾಕುವವರನ್ನೂ ಕೇಳಬೇಕು. ಇಬ್ಬರನ್ನೂ ಕೇಳದೆ ಲ್ಯಾಪ್‌ಟಾಪ್ ತೆಗೆದು ಕೂತವಳು ನಾನು. ಅದರ ಬೆಲೆ ಎರಡು ಕೋಳಿ ಕೊಟ್ಟವು.

ನಮ್ಮ ಮನೆ ತಿಪಟೂರಿನ ಹೊರವಲಯದಲ್ಲಿದೆ. ಹಿತ್ತಲಲ್ಲಿ ಏಳು ತೆಂಗಿನ ಮರ, ಒಂದು ನುಗ್ಗೆ, ಒಂದು ನಿಂಬೆ, ಬಟ್ಟೆ ಒಗೆಯೋ ಕಲ್ಲು. ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ಅಷ್ಟೂ ದಿನ ನಾನು ಮನೆಯಿಂದಲೇ ಕೆಲಸ ಮಾಡುತ್ತಾ ಅಮ್ಮನ ಜೊತೆಗೇ ಇದ್ದೆ. ಈ ವರ್ಷ ಫೆಬ್ರವರಿಯಲ್ಲಿ ಕಂಪನಿಯಿಂದ ಮೇಲ್ ಬಂತು. ಜೂನ್‌ನಿಂದ ವಾರಕ್ಕೆ ಮೂರು ದಿನ ಬೆಂಗಳೂರಿನ ಆಫೀಸಿಗೆ ಬರಲೇಬೇಕು. ಅಂದರೆ ಸೋಮವಾರ ಸಂಜೆ ರೈಲು ಹತ್ತಿದರೆ ಗುರುವಾರ ರಾತ್ರಿ ವಾಪಸ್. ಅಲ್ಲಿಯವರೆಗೆ ಅಮ್ಮ ಒಬ್ಬಳೇ.

“ನೀನೂ ಬೆಂಗಳೂರಿಗೆ ಬಂದುಬಿಡಮ್ಮ” ಅಂದೆ. “ಎರಡು ರೂಮಿನ ಮನೇಲಿ ಕೂತು ನಾನೇನು ಮಾಡ್ಲಿ?” ಅಂದಳು. ಸ್ವಲ್ಪ ಹೊತ್ತು ಬಿಟ್ಟು, “ನಾಲ್ಕು ಕೋಳಿ ತಂದುಕೊಡು. ಬೆಳಿಗ್ಗೆ ಎದ್ದು ಬಾಗಿಲು ತೆಗೆಯೋಕೆ ಒಂದು ನೆಪ ಇರುತ್ತೆ” ಅಂದಳು. ಅಮ್ಮ ತುರುವೇಕೆರೆ ಕಡೆಯ ಹಳ್ಳಿಯವಳು. ಮದುವೆಯಾಗೋ ತನಕ ಕೋಳಿ ಮುಚ್ಚೋದು, ಬಿಡೋದು ಅವಳದ್ದೇ ಕೆಲಸವಂತೆ. ಅಪ್ಪನಿಗೆ ಹಿತ್ತಲು ಗಲೀಜಾಗೋದು ಇಷ್ಟವಿರಲಿಲ್ಲ, ಹಾಗಾಗಿ ಮೂವತ್ತು ವರ್ಷ ಅವಳು ಆ ಮಾತನ್ನೇ ಎತ್ತಿರಲಿಲ್ಲ.

ಕೋಳಿ ತರೋದು ಸುಲಭ. ಗೂಡು? ರೆಡಿಮೇಡ್ ಕೊಳ್ಳೋದಾ, ನಾವೇ ಕಟ್ಟೋದಾ? ನಮ್ಮ ಕೆಲಸದಲ್ಲೂ ಈ ಪ್ರಶ್ನೆ ತಿಂಗಳಿಗೊಮ್ಮೆ ಬರುತ್ತೆ. ಬೇಕಾದ ಸಾಫ್ಟ್‌ವೇರನ್ನು ಹೊರಗಿನಿಂದ ಕೊಳ್ಳೋದಾ, ನಾವೇ ಬರೆಯೋದಾ ಅಂತ. ಅಲ್ಲಿ ಮೀಟಿಂಗ್ ಮಾಡಿ ತೀರ್ಮಾನಿಸ್ತೀವಿ. ಇಲ್ಲೂ ಅಷ್ಟೇ ತಾನೇ ಅಂದುಕೊಂಡೆ.

ಎಕ್ಸೆಲ್ ಶೀಟಿನಲ್ಲಿ ನಾಲ್ಕು ಗೂಡು

ಒಂದು ವಾರ ಹುಡುಕಿ ನಾಲ್ಕು ದಾರಿ ಬರೆದಿಟ್ಟೆ.

ಮೊದಲನೆಯದು ಆನ್‌ಲೈನ್‌ನಲ್ಲಿ ಸಿಗೋ ಮರದ ಗೂಡು. ಇಳಿಜಾರು ಚಾವಣಿ, ಪುಟ್ಟ ಕಿಟಕಿ, ನೋಡೋಕೆ ಗೊಂಬೆ ಮನೆ. ಬೆಲೆ 13,500 ರೂಪಾಯಿ. ‘6ರಿಂದ 8 ಕೋಳಿಗೆ’ ಅಂತ ಬರೆದಿತ್ತು. ಅಳತೆ ನೋಡಿದರೆ 4 ಅಡಿಗೆ 2 ಅಡಿ, ಒಟ್ಟು 8 ಚದರಡಿ. ಎಂಟು ಕೋಳಿ ಬಿಟ್ಟರೆ ಒಂದೊಂದಕ್ಕೆ ಒಂದೇ ಚದರಡಿ. ಹಗಲು ಹೊರಗೆ ಬಿಟ್ಟು ರಾತ್ರಿ ಮಾತ್ರ ಮುಚ್ಚೋದಾದರೂ ಒಂದು ಕೋಳಿಗೆ ಎರಡು ಚದರಡಿಯಾದರೂ ಬೇಕು. ಮಳೆ ಹಿಡಿದು ಹಗಲೂ ಒಳಗೇ ಇರಬೇಕಾದ ದಿನಗಳಿಗೆ ಮೂರು, ನಾಲ್ಕು ಇದ್ದರೆ ಒಳ್ಳೆಯದು. ಅಂದರೆ ಆ ಗೊಂಬೆ ಮನೆ ಮೂರು ನಾಲ್ಕು ಕೋಳಿಗಷ್ಟೇ ಸರಿ. ಜೊತೆಗೆ ಮೆತು ಮರ. ನಮ್ಮ ಹಿತ್ತಲಿನ ಗೆದ್ದಲಿಗೆ ಹಬ್ಬದೂಟ.

ಎರಡನೆಯದು ಫಾರಂಗಳಲ್ಲಿ ಮೊಟ್ಟೆ ಕೋಳಿಗೆ ಬಳಸೋ ತಂತಿ ಪಂಜರ, 9,000 ರೂಪಾಯಿ. ಮೊಟ್ಟೆ ತಾನಾಗಿ ಮುಂದಕ್ಕೆ ಉರುಳಿ ಬರುತ್ತೆ. ಆದರೆ ಕೋಳಿ ದಿನಪೂರ್ತಿ ತಂತಿಯ ಮೇಲೇ ನಿಂತಿರಬೇಕು. ಅಮ್ಮ ಫೋಟೋ ನೋಡಿ, “ಇದು ಕೋಳಿ ಸಾಕೋದಲ್ಲ, ಕೋಳಿ ಜೋಡಿಸಿಡೋದು” ಅಂದಳು.

ಮೂರನೆಯದು ಹೆದ್ದಾರಿ ಬದಿಯ ವರ್ಕ್‌ಶಾಪ್ ಒಂದರಲ್ಲಿ ಮಾಡಿಟ್ಟಿದ್ದ ಕಬ್ಬಿಣದ ಗೂಡು. 5 ಅಡಿಗೆ 3 ಅಡಿ, ತಗಡಿನ ಚಾವಣಿ, ಕೆಳಗೆ ಚಕ್ರ. 16,000 ರೂಪಾಯಿ, ಸಾಗಣೆಗೆ 1,500. ಗಟ್ಟಿಯಾಗಿತ್ತು. ನನ್ನ ಶೀಟಿನಲ್ಲಿ ಇದಕ್ಕೇ ಹೆಚ್ಚು ಅಂಕ ಬಂತು.

ನಾಲ್ಕನೆಯದು ನಮ್ಮ ಸೋದರಮಾವನ ಐಡಿಯಾ. “ಬಿದಿರು ಐತೆ, ಅಡಿಕೆ ದಬ್ಬೆ ಐತೆ, ಸೋಗೆ ಐತೆ. ಮೂರು ಸಾವಿರದಲ್ಲಿ ಮುಗಿಸ್ತೀನಿ ಕಣವ್ವ, ದುಡ್ಡು ಯಾಕೆ ಸುರೀತೀಯ?” ಅಂದ. ಮಾತು ಸರಿಯೇ. ಆದರೆ ಬಿದಿರು, ಸೋಗೆ ಅಂದರೆ ವರ್ಷವರ್ಷ ರಿಪೇರಿ. ಮಾವ ನಮ್ಮೂರಿಗೆ ಬರೋದು ಎರಡು ತಿಂಗಳಿಗೊಮ್ಮೆ. ನಾನು ಆ ಸಾಲಿಗೆ ಕೆಂಪು ಬಣ್ಣ ಹಾಕಿದೆ.

ಕಬ್ಬಿಣದ ಗೂಡಿಗೆ ಅಡ್ವಾನ್ಸ್ ಕೊಡೋದೊಂದೇ ಬಾಕಿ. ಅಷ್ಟರಲ್ಲಿ ಮಾವ ಹೇಳದೆ ಕೇಳದೆ ಮೂರು ನಾಟಿ ಕೋಳಿ ಹಿಡಿದುಕೊಂಡು ಬಂದುಬಿಟ್ಟ. ಒಂದು ಕರಿ, ಎರಡು ಕೆಂಪು. “ಗೂಡು ಆದಾಗ ಆಗ್ಲಿ, ಅಲ್ಲಿ ತನಕ ಮಂಕರಿ ಮುಚ್ಚಿಡು” ಅಂತ ಅಕ್ಕನಿಗೆ ಹೇಳಿ ಹೋದ.

ಐದನೇ ರಾತ್ರಿ

ಮಂಕರಿ ಮುಚ್ಚಿ ಮೇಲೆ ಕಲ್ಲು ಇಡೋದು ನನಗೆ ಸರಿಕಾಣಲಿಲ್ಲ. ಪರಿಚಯದವರೊಬ್ಬರ ಮನೆಯಲ್ಲಿ ಹಿಂದೆ ಕೊಂಡು ಈಗ ಖಾಲಿ ಬಿದ್ದಿದ್ದ ರೆಡಿಮೇಡ್ ಗೂಡು ಇತ್ತು. ಅದನ್ನೇ ಸಾಲ ತಂದೆ. ನೆಲದ ಮೇಲೆ ಕೂರುವಂಥದ್ದು. ಸುತ್ತ ಆರು ಮೂಲೆ ಕಣ್ಣುಗಳ ತೆಳು ತಂತಿ ಬಲೆ. ಅಂಗಡಿಯಲ್ಲಿ ಅದಕ್ಕೆ ಚಿಕನ್ ಮೆಶ್ ಅಂತಲೇ ಹೆಸರು. ಹೆಸರೇ ಹಾಗಿದ್ದ ಮೇಲೆ ಇನ್ನೇನು ಅಂದುಕೊಂಡೆ.

ನಾಲ್ಕು ರಾತ್ರಿ ಏನೂ ಆಗಲಿಲ್ಲ. ಐದನೇ ರಾತ್ರಿ ಎರಡು ಗಂಟೆಯ ಹೊತ್ತಿಗೆ ಹಿತ್ತಲಲ್ಲಿ ಗಲಾಟೆ. ಅಮ್ಮ ಲೈಟ್ ಹಾಕಿ ಚಿಲಕ ತೆಗೆದು ಹೊರಗೆ ಬರೋ ಹೊತ್ತಿಗೆ ಎಲ್ಲ ಮುಗಿದಿತ್ತು. ತಂತಿ ಬಲೆ ಒಂದು ಕಡೆ ಫ್ರೇಮಿನಿಂದ ಕಿತ್ತು ಬಂದಿತ್ತು. ಒಂದು ಕೆಂಪು ಕೋಳಿ ಇರಲೇ ಇಲ್ಲ. ಇನ್ನೊಂದು ಬಲೆಗೆ ಒತ್ತಿಕೊಂಡು ಸತ್ತುಬಿದ್ದಿತ್ತು. ಕರಿಕೋಳಿ ಮೂಲೆಯಲ್ಲಿ ಮುದುಡಿಕೊಂಡು ಬದುಕಿತ್ತು. ಪುನುಗುಬೆಕ್ಕು ಇರಬೇಕು ಅಂದರು ಅಕ್ಕಪಕ್ಕದವರು. ತೆಂಗಿನ ತೋಟಗಳಿರೋ ಕಡೆ ಅದು ಅಪರೂಪವೇನಲ್ಲ. ರಾತ್ರಿ ಓಡಾಡುವ ಪ್ರಾಣಿ, ಮರ ಹತ್ತುತ್ತೆ, ಗೋಡೆ ಹಾರುತ್ತೆ.

ಅಮ್ಮ ಬೈಯಲಿಲ್ಲ. ಬೆಳಿಗ್ಗೆ ಗೂಡು ತೊಳೆದು ಬಿಸಿಲಿಗಿಟ್ಟಳು. ಆಮೇಲೆ ಕಾಫಿ ಕುಡಿಯುವಾಗ ಹೇಳಿದಳು: “ಕೂಡಿಹಾಕಿ ಕೊಂದ್ವಿ ಕಣೇ. ನುಗ್ಗೆ ಮರದ ಮೇಲೆ ಕೂತಿದ್ರೆ ಹಾರಿಕೊಂಡಾದ್ರೂ ಬದುಕ್ತಿದ್ವೇನೋ.”

ಆ ಮಾತು ನನ್ನ ಎಕ್ಸೆಲ್ ಶೀಟಿನ ಯಾವ ಕಾಲಂನಲ್ಲೂ ಇರಲಿಲ್ಲ. ಗೂಡಿನ ಬಾಗಿಲು ಹಾಕಿದೆವು ಅಂದರೆ ಕೋಳಿ ಓಡಿಹೋಗುವ ದಾರಿಯನ್ನು ನಾವೇ ಮುಚ್ಚಿದೆವು ಅಂತ ಅರ್ಥ. ಆಮೇಲೆ ಒಳಗೆ ಏನಾದರೂ ಅದಕ್ಕೆ ನಾವೇ ಹೊಣೆ. ಕೊಂಡ ಗೂಡಾದರೂ ಅಷ್ಟೇ, ಕಟ್ಟಿದ ಗೂಡಾದರೂ ಅಷ್ಟೇ.

ಆ ತೆಳು ಬಲೆ ಕೋಳಿಯನ್ನು ಒಳಗಿಡೋಕೆ ಸಾಕು. ಹೊರಗಿನವರನ್ನು ಹೊರಗಿಡೋಕೆ ಸಾಲದು. ನಾಯಿ, ಪುನುಗು ಜೋರಾಗಿ ಎಳೆದರೆ ಕಿತ್ತು ಬರುತ್ತೆ. ಕಣ್ಣು ದೊಡ್ಡದಿದ್ದರೆ ಇಲಿ, ಹಾವು ಸಲೀಸಾಗಿ ನುಗ್ಗುತ್ತವೆ. ಬೇಕಾದ್ದು ಅರ್ಧ ಇಂಚು ಚೌಕದ ವೆಲ್ಡ್ ಮೆಶ್. ಅದನ್ನೂ ಮೊಳೆ ಹೊಡೆದು ನಿಲ್ಲಿಸಿದರೆ ಆಗದು, ಪಟ್ಟಿ ಕೊಟ್ಟು ಸ್ಕ್ರೂ ಹಾಕಬೇಕು. ಇದು ತಿಳಿದ ಮೇಲೆ ಹೆದ್ದಾರಿ ಬದಿಯ ಆ 16,000 ರೂಪಾಯಿ ಗೂಡನ್ನು ಮತ್ತೆ ಹೋಗಿ ನೋಡಿದೆ. ಪೈಪು ಗಟ್ಟಿ, ವೆಲ್ಡಿಂಗ್ ಚೆನ್ನಾಗಿದೆ. ಬಲೆ ಮಾತ್ರ ಅದೇ ಆರು ಮೂಲೆಯದ್ದು.

ಅಮ್ಮನ ಅಳತೆ

ಆ ದಿನ ಅಮ್ಮನೂ ಜೊತೆಗೆ ಬಂದಿದ್ದಳು. ಗೂಡಿನ ಬಾಗಿಲು ಎರಡಡಿ ಅಗಲ, ನೆಲದಿಂದ ಒಂದಡಿ ಎತ್ತರಕ್ಕಿತ್ತು. ಅಮ್ಮ ಬಗ್ಗಿ ಒಳಗೆ ಕೈ ಹಾಕಲು ನೋಡಿದಳು. ಅರ್ಧಕ್ಕೇ ಮೊಣಕಾಲು ಹಿಡಿದುಕೊಂಡು ಎದ್ದು ನಿಂತಳು. “ಚೆನ್ನಾಗೈತೆ. ಆದ್ರೆ ಕಸ ಗುಡಿಸೋಕೆ ಮಂಡಿ ಊರಿ ತಲೆ ಒಳಗೆ ಹಾಕ್ಬೇಕಲ್ಲ” ಅಂದಳು.

ಅಮ್ಮನಿಗೆ ಅರವತ್ತರ ಹತ್ತಿರ. ಎರಡೂ ಮಂಡಿ ನೋವು. ಕುಕ್ಕರಗಾಲಲ್ಲಿ ಕೂರಬೇಡಿ ಅಂತ ಡಾಕ್ಟರ್ ಹೇಳಿದ್ದಾರೆ. ವಾರದ ಮೂರು ರಾತ್ರಿ ಗೂಡು ಮುಚ್ಚೋದು, ಬೆಳಿಗ್ಗೆ ಬಿಡೋದು, ಗುಡಿಸೋದು, ಮೊಟ್ಟೆ ತೆಗೆಯೋದು ಎಲ್ಲ ಅವಳೊಬ್ಬಳೇ. ನಾನು ಕೋಳಿ ಎಷ್ಟು, ಚದರಡಿ ಎಷ್ಟು, ರೇಟ್ ಎಷ್ಟು ಅಂತ ನೋಡಿದ್ದೆ. ಬಳಸುವವರು ಯಾರು ಅಂತ ನೋಡಿರಲಿಲ್ಲ. ಆಫೀಸಿನಲ್ಲಿ ಇಂಥ ತಪ್ಪು ಮಾಡಿದ ಜೂನಿಯರ್‌ಗಳಿಗೆ ಬುದ್ಧಿ ಹೇಳೋದು ನನ್ನದೇ ಕೆಲಸ!

ಮನೆಗೆ ಬಂದು ಮೊದಲು ಅಮ್ಮನನ್ನೇ ಅಳೆದೆ. ನಿಂತಾಗ ನೆಲದಿಂದ ಮೊಣಕೈಗೆ 3 ಅಡಿ 1 ಇಂಚು. ಹಿತ್ತಲಲ್ಲಿ ಎರಡು ಬೆಂಚು, ನಾಲ್ಕು ಕುರ್ಚಿ ಇಟ್ಟು ಹಗ್ಗ ಕಟ್ಟಿ ಗೂಡಿನ ಆಕಾರ ಮಾಡಿದೆ. “ಇದೇ ಗೂಡು ಅಂದ್ಕೋ. ಬಾಗಿಲು ತೆಗಿ, ಗುಡಿಸು, ಮೊಟ್ಟೆ ತಗೋ” ಅಂದೆ. ಅಮ್ಮ ನಗುತ್ತಾ ಶುರು ಮಾಡಿದವಳು ಆಮೇಲೆ ಗಂಭೀರವಾಗಿಯೇ ಮಾಡಿ ತೋರಿಸಿದಳು. ಅರ್ಧ ಗಂಟೆಯಲ್ಲಿ ನನ್ನ ನಕ್ಷೆಯ ಮೂರು ತಪ್ಪು ಹೊರಗೆ ಬಂದವು.

ನಾನು ಚಾವಣಿಯ ಇಳಿಜಾರನ್ನು ಬಾಗಿಲ ಕಡೆಗೇ ಕೊಟ್ಟಿದ್ದೆ. “ಮಳೇಲಿ ಬಾಗಿಲು ಹಾಕೋಕೆ ಬಂದರೆ ನೀರೆಲ್ಲ ನನ್ನ ತಲೆ ಮೇಲೇ ಸುರಿಯುತ್ತಲ್ಲೇ?” ಇಳಿಜಾರು ಹಿಂದಕ್ಕೆ ಹೋಯಿತು. ಬಾಗಿಲು ಎರಡಡಿ ಸಾಕು ಅಂದುಕೊಂಡಿದ್ದೆ. “ಆ ಮೂಲೆಗೆ ಪೊರಕೆ ಹೋಗಲ್ಲ.” ಮುಂದಿನ ಇಡೀ ಬದಿಯೇ ಎರಡು ರೆಕ್ಕೆಯ ಬಾಗಿಲಾಯಿತು. ಕೆಳಗೆ ಎಳೆದು ತೆಗೆಯುವ ತಗಡಿನ ಟ್ರೇ ಹಾಕಿದ್ದೆ. ಆರು ಕೋಳಿಯ ಹಿಕ್ಕೆ ತುಂಬಿದ ಟ್ರೇ ಎಳೆದು ಎತ್ತಿ ಸುರಿಯೋದು ಮಂಡಿ ನೋವಿನವರಿಗೆ ಆಗೋ ಕೆಲಸವೇ? ಟ್ರೇ ಹೋಯಿತು. ಅದರ ಬದಲು ಗೂಡನ್ನೇ ಎರಡೂವರೆ ಅಡಿ ಎತ್ತರಕ್ಕೆ ಏರಿಸಿ, ಅಡಿಗೆ ಸಂದು ಬಿಟ್ಟ ಅಡಿಕೆ ದಬ್ಬೆ ಹಾಸೋದು ಅಂತಾಯಿತು. ಹಿಕ್ಕೆಯಲ್ಲಿ ಹೆಚ್ಚಿನದು ತಾನಾಗಿ ಕೆಳಗೆ ಬೀಳುತ್ತೆ, ಉದ್ದ ಹಿಡಿಯ ಪೊರಕೆಯಲ್ಲಿ ನಿಂತೇ ಎಳೆದುಕೊಳ್ಳಬಹುದು.

ಕೋಳಿಯನ್ನೂ ಕೇಳಬೇಕಿತ್ತಲ್ಲ? ಅದಕ್ಕೆ ಸರ್ಕಾರಿ ಪಶು ಆಸ್ಪತ್ರೆಯ ಡಾಕ್ಟರ್ ಹತ್ತಿರ ಹೋದೆ. ಚಳಿ ತಡೆಯೋಕೆ ಮೂರು ಕಡೆ ಪ್ಲೈವುಡ್ ಬಡಿಯೋಣ ಅಂತಿದ್ದೇನೆ ಅಂದೆ. ಅವರು ಬೇಡವೇ ಬೇಡ ಅಂದರು. ಬಲಿತ ಕೋಳಿಗೆ ಗರಿಯ ಹೊದಿಕೆ ಇರುತ್ತೆ, ನಮ್ಮ ಕಡೆಯ ಚಳಿ ತಡೆದುಕೊಳ್ಳುತ್ತೆ. ತಡೆಯಲಾಗದ್ದು ತೇವ, ಮತ್ತು ಹಿಕ್ಕೆಯಿಂದ ಏಳುವ ಅಮೋನಿಯ. ಗಾಳಿ ಆಡದ ಗೂಡಿನಲ್ಲಿ ಉಸಿರಾಟದ ಕಾಯಿಲೆ ಬೇಗ ಬರುತ್ತೆ. ಅವರು ಕೊಟ್ಟ ಪರೀಕ್ಷೆ ಸುಲಭದ್ದು: ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಮುಖ ಒಳಗೆ ಹಾಕಿ. ಕಣ್ಣು ಉರಿದರೆ, ಮೂಗಿಗೆ ಘಾಟು ಹೊಡೆದರೆ ಗಾಳಿ ಸಾಲದು ಅಂತ ಅರ್ಥ.

ಗೂಡಿನ ಉದ್ದ ಪೂರ್ವ ಪಶ್ಚಿಮಕ್ಕೆ ಇರಲಿ ಅಂತಲೂ ಹೇಳಿದರು. ಹಾಗಿದ್ದರೆ ಬೆಳಗಿನ, ಸಂಜೆಯ ಬಿಸಿಲು ಗಿಡ್ಡ ಗೋಡೆಗಷ್ಟೇ ಹೊಡೆಯುತ್ತೆ. ಉತ್ತರ, ದಕ್ಷಿಣದ ಉದ್ದ ಬದಿಗಳನ್ನು ಮೆಶ್ ಹಾಕಿ ತೆರೆದಿಟ್ಟರೆ ಗಾಳಿ ಅಡ್ಡಲಾಗಿ ಹಾಯುತ್ತೆ. ಡಿಸೆಂಬರ್ ಚಳಿಗೆ ಕೆಳಗಿನ ಅರ್ಧಕ್ಕೆ ಗೋಣಿ ತಾಟು ಇಳಿಬಿಟ್ಟರೆ ಸಾಕು, ಮೇಲಿನ ಅರ್ಧ ಯಾವತ್ತೂ ತೆರೆದೇ ಇರಬೇಕು.

ನಾಲ್ಕು ಭಾನುವಾರ

ಇಷ್ಟೆಲ್ಲ ಸೇರಿದ ಗೂಡು ಯಾವ ಅಂಗಡಿಯಲ್ಲೂ ಇರಲಿಲ್ಲ. ಹಾಗಂತ ಪೂರ್ತಿ ನಾವೇ ಕಟ್ಟೋಕೆ ನನಗೆ ಬಡಗಿ ಕೆಲಸವೂ ಬರಲ್ಲ, ವೆಲ್ಡಿಂಗೂ ಬರಲ್ಲ. ಕೊನೆಗೆ ಕೆಲಸವನ್ನೇ ಹಂಚಿದೆವು. ಗಟ್ಟಿಯಾಗಿರಬೇಕಾದ್ದು, ಒಂದೇ ಸಲ ಮಾಡೋದು, ಗೊತ್ತಿದ್ದವರಿಂದ. ಆಗಾಗ ಬದಲಾಯಿಸಬೇಕಾದ್ದು, ರಿಪೇರಿಗೆ ಬರೋದು, ನಮ್ಮ ಕೈಯಿಂದ.

ಊರಿನ ವೆಲ್ಡಿಂಗ್ ಶಾಪಿನವರಿಗೆ ನಕ್ಷೆ ಕೊಟ್ಟೆ. 6 ಅಡಿ ಉದ್ದ, 4 ಅಡಿ ಅಗಲ, ಒಂದಿಂಚು ಸ್ಕ್ವೇರ್ ಪೈಪಿನ ಫ್ರೇಮ್, ಅದರದ್ದೇ ಕಾಲು, ಬಾಗಿಲು. ಉಳಿದ ಕೆಲಸಕ್ಕೆ ಮಾವನನ್ನು ಏಪ್ರಿಲ್, ಮೇ ತಿಂಗಳಲ್ಲಿ ನಾಲ್ಕು ಭಾನುವಾರ ಕರೆಸಿಕೊಂಡೆವು. ಅವನು ತನ್ನ ತೋಟದ ದಬ್ಬೆ ಸೀಳಿಕೊಂಡು ಗೂಡ್ಸ್ ಆಟೋದಲ್ಲಿ ತಂದ.

ಜಾಗ ನೋಡಿದವನೇ ನಗೋಕೆ ಶುರು ಮಾಡಿದ. ನೆರಳಿರುತ್ತೆ ಅಂತ ನಾನು ಎರಡು ತೆಂಗಿನ ಮರದ ನಡುವೆ ಗುರುತು ಹಾಕಿದ್ದೆ. “ತಿಪಟೂರಲ್ಲಿ ಹುಟ್ಟಿ ತೆಂಗಿನ ಮರದ ಕೆಳಗೆ ಗೂಡು ಇಡ್ತೀಯಲ್ಲವ್ವ! ಒಂದು ಕಾಯಿ ಬಿದ್ರೆ ತಗಡೂ ಇಲ್ಲ, ಕೋಳೀನೂ ಇಲ್ಲ.” ಗೂಡು ಅಲ್ಲಿಂದ ಹನ್ನೆರಡು ಅಡಿ ಸರಿದು ನುಗ್ಗೆ ಮರದ ಪೂರ್ವಕ್ಕೆ ಬಂತು. ಸಂಜೆ ಬಿಸಿಲಿಗೆ ಅದೇ ನೆರಳು. ಬಾಗಿಲು ಉತ್ತರಕ್ಕೆ, ಅಂದರೆ ಅಡುಗೆ ಮನೆ ಕಿಟಕಿಗೆ ಎದುರಾಗಿ. ಕಿಟಕಿಯಿಂದಲೇ ಕಾಣಲಿ ಅಂದದ್ದು ಅಮ್ಮ.

ಮೆಶ್ ಕತ್ತರಿಸೋದು, ಪಟ್ಟಿ ಇಟ್ಟು ಸ್ಕ್ರೂ ಹಾಕೋದು ನನ್ನ ಕೆಲಸ. ದಬ್ಬೆ ಜೋಡಿಸೋದು ಮಾವನದ್ದು. ದಬ್ಬೆಯ ಕೆಳಗೂ ಒಂದಿಂಚು ಚೌಕದ ಮೆಶ್ ಹಾಕಿದೆವು, ಕೆಳಗಿನಿಂದ ಯಾವ ಪ್ರಾಣಿಯೂ ಬರದಿರಲಿ ಅಂತ. ಅಮ್ಮ ಸುಮ್ಮನೆ ನೋಡುತ್ತಾ ಕೂರಲಿಲ್ಲ. ಎರಡನೇ ಭಾನುವಾರ ನನ್ನ ಕೈಯಿಂದ ಸ್ಕ್ರೂ ಡ್ರೈವರ್ ಇಸ್ಕೊಂಡು, “ಇದೇನು ಮಹಾ” ಅಂತ ಒಂದು ಬದಿಯ ಸ್ಕ್ರೂಗಳನ್ನೆಲ್ಲ ತಾನೇ ಹಾಕಿದಳು.

ಮಾಡುತ್ತಾ ಕಲಿತದ್ದೂ ಇದೆ. ಕೋಳಿ ಕೂರುವ ಅಡ್ಡ ಕೋಲನ್ನು ನಾನು ಮೆಟ್ಟಿಲಿನ ಥರ ಒಂದಕ್ಕಿಂತ ಒಂದು ಎತ್ತರಕ್ಕೆ ಹಾಕಿದ್ದೆ. ಕೋಳಿಗಳಿಗೆಲ್ಲ ಅತಿ ಎತ್ತರದ ಕೋಲೇ ಬೇಕು, ಅದಕ್ಕಾಗಿ ದಿನಾ ಜಗಳ. ಎರಡೂ ಕೋಲನ್ನು ಒಂದೇ ಎತ್ತರಕ್ಕೆ ತಂದ ಮೇಲೆ ಶಾಂತಿ. ಒಂದು ಕೋಳಿಗೆ ಕೋಲಿನ ಮೇಲೆ ಸುಮಾರು 9 ಇಂಚು ಜಾಗ ಬೇಕು. ಕೋಲು ಮೊಟ್ಟೆ ಪೆಟ್ಟಿಗೆಗಿಂತ ಎತ್ತರದಲ್ಲಿರಲೇಬೇಕು. ಇಲ್ಲದಿದ್ದರೆ ಅವು ಪೆಟ್ಟಿಗೆಯೊಳಗೇ ಮಲಗಿ ಹಿಕ್ಕೆ ಹಾಕಿ ಮೊಟ್ಟೆ ಗಲೀಜು ಮಾಡ್ತವೆ.

ಮೊಟ್ಟೆ ಪೆಟ್ಟಿಗೆ ಮಾಡಿದ್ದು ಅಪ್ಪನ ಹಳೇ ಪುಸ್ತಕದ ಬೀರುವಿನ ಹಲಗೆಯಲ್ಲಿ. ಒಂದಡಿ ಚೌಕದ ಎರಡು ಪೆಟ್ಟಿಗೆ, ಒಳಗೆ ಭತ್ತದ ಹೊಟ್ಟು. ನಾಲ್ಕೈದು ಕೋಳಿಗೆ ಒಂದು ಪೆಟ್ಟಿಗೆ ಸಾಕು. ಮೊದಲು ಮುಚ್ಚಳವನ್ನು ಮೇಲಿಂದ ತೆರೆಯುವಂತೆ ಮಾಡಿದ್ದೆ. ಅಮ್ಮ ಭುಜ ಎತ್ತಿ ಕೈ ಇಳಿಸಬೇಕಾಗುತ್ತಿತ್ತು. ಅದನ್ನು ಬಿಚ್ಚಿ, ಹೊರಗಡೆಯಿಂದ ಪಕ್ಕಕ್ಕೆ ತೆರೆಯುವ ಪುಟ್ಟ ಬಾಗಿಲು ಇಟ್ಟೆವು. ಈಗ ನಿಂತ ಹಾಗೆಯೇ ಮೊಟ್ಟೆ ಕೈಗೆ ಬರುತ್ತೆ. ಎಲ್ಲ ಬಾಗಿಲಿಗೂ ಟವರ್ ಬೋಲ್ಟ್, ಅದಕ್ಕೊಂದು ಪಿನ್. ಬರೀ ಕೊಕ್ಕೆಯಾದರೆ ಅಲುಗಾಡಿಸಿ ಬಿಡಿಸಿಕೊಳ್ಳೋ ಪ್ರಾಣಿಗಳಿವೆ.

ಇದರ ನಡುವೆ ಹಿಂದಿನ ಮನೆಯ ಮೇಷ್ಟ್ರು ಕಾಂಪೌಂಡಿನಿಂದ ಇಣುಕಿ, “ಬೆಳಗಿನ ಜಾವ ನಾಲ್ಕಕ್ಕೆಲ್ಲ ಕೂಗುತ್ತೇನಮ್ಮ?” ಅಂತ ಕೇಳಿದರು. ಹುಂಜ ತರಲ್ಲ ಅಂತ ಮಾತು ಕೊಟ್ಟೆ. ಹುಂಜ ಇಲ್ಲದಿದ್ದರೆ ಮೊಟ್ಟೆ ಹೇಗೆ ಅಂತ ಬಹಳ ಜನ ಕೇಳ್ತಾರೆ. ಮೊಟ್ಟೆ ಇಡೋಕೆ ಹುಂಜ ಬೇಡ, ಮರಿಯಾಗೋಕೆ ಮಾತ್ರ ಬೇಕು. ಅವರ ಮನೆಯಲ್ಲಿ ಮೊಟ್ಟೆ ತಿನ್ನಲ್ಲ, ಹಾಗಾಗಿ ಅವರ ಪಾಲು ಗೊಬ್ಬರ. ಹಸಿ ಹಿಕ್ಕೆ ನೇರ ಹಾಕಿದರೆ ಗಿಡ ಸುಟ್ಟುಹೋಗುತ್ತೆ. ಗುಂಡಿಯಲ್ಲಿ ಕೆಲ ತಿಂಗಳು ಕೊಳೆತ ಮೇಲೆ ಅವರ ಗುಲಾಬಿಗೆ ಹೋಗುತ್ತೆ.

ಲೆಕ್ಕ ಏನಾಯ್ತು?

ಫ್ರೇಮು, ಬಾಗಿಲು, ವೆಲ್ಡಿಂಗ್ ಸೇರಿ 5,250. ಮೆಶ್ 3,200. ಚಾವಣಿ ತಗಡು 2,100. ದಬ್ಬೆ ಸಾಗಣೆ 600. ಕೀಲು, ಬೋಲ್ಟು, ಸ್ಕ್ರೂ 750. ರೆಡ್ ಆಕ್ಸೈಡ್, ಬಣ್ಣ 500. ಕಾಲುಗಳ ಕೆಳಗೆ ಬ್ಲಾಕು, ಸಿಮೆಂಟು 800. ಒಟ್ಟು 13,200. ನನ್ನ ತಪ್ಪುಗಳನ್ನು ಬಿಚ್ಚಿ ಮತ್ತೆ ಮಾಡಿದ್ದಕ್ಕೆ 1,400. ಅಲ್ಲಿಗೆ 14,600 ರೂಪಾಯಿ.

ರೆಡಿಮೇಡ್ ಗೂಡಿಗೆ ಹೋಲಿಸಿದರೆ ಉಳಿದದ್ದು 2,900. ನಾಲ್ಕು ಭಾನುವಾರ, ಮೂರು ಜನರ ದುಡಿಮೆಗೆ ಇದೇನೂ ದೊಡ್ಡ ಉಳಿತಾಯವಲ್ಲ. ‘ನಾವೇ ಕಟ್ಟಿದರೆ ಅರ್ಧ ದುಡ್ಡು’ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮನೆಯಲ್ಲೇ ಬಿದಿರು, ಮರ, ಕೆಲಸ ಬಲ್ಲ ಕೈ ಮೂರೂ ಇದ್ದರೆ ಮಾತ್ರ ಅದು ನಿಜ.

ಮೊಟ್ಟೆ ಲೆಕ್ಕದಲ್ಲೂ ಬೇಗ ದುಡ್ಡು ವಾಪಸ್ ಬರಲ್ಲ. ಜೂನ್ ಮೊದಲ ವಾರ ಎರಡು ತಿಂಗಳ ಐದು ಗಿರಿರಾಜ ಹೆಣ್ಣು ಮರಿ ತಂದೆವು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಹಿತ್ತಲ ಸಾಕಣೆಗೆಂದೇ ರೂಪಿಸಿದ ತಳಿ ಅದು. ನಾಟಿ ಕೋಳಿ ವರ್ಷಕ್ಕೆ 60ರಿಂದ 80 ಮೊಟ್ಟೆ ಇಟ್ಟರೆ ಇದು 130ರಿಂದ 150 ಇಡುತ್ತೆ. ಕೊಕ್ಕರೆ ರೋಗದ ಲಸಿಕೆ ಆಗಿದೆಯಾ ಅಂತ ಕೇಳಿಕೊಂಡೇ ತಂದೆವು. ಅದು ಬಂದರೆ ಎಷ್ಟು ಒಳ್ಳೆ ಗೂಡಿದ್ದರೂ ಒಂದೇ ವಾರದಲ್ಲಿ ಖಾಲಿಯಾಗುತ್ತೆ.

ಮಳೆ ಬಂದ ರಾತ್ರಿ

ಅಕ್ಟೋಬರ್‌ನಲ್ಲಿ ಒಂದು ಬುಧವಾರ ರಾತ್ರಿ ತಿಪಟೂರಲ್ಲಿ ಗಾಳಿ ಸಮೇತ ಜೋರು ಮಳೆ. ನಾನು ಬೆಂಗಳೂರಿನಲ್ಲಿದ್ದೆ. ಎರಡು ಸಲ ಫೋನ್ ಮಾಡಿದರೂ ಅಮ್ಮ ಎತ್ತಲಿಲ್ಲ. ಆ ಇಪ್ಪತ್ತು ನಿಮಿಷದಲ್ಲಿ ನನ್ನ ತಲೆಗೆ ಏನೇನು ಬಂತು ಅಂತ ಬರೆಯೋಕೆ ಇಷ್ಟವಿಲ್ಲ. ಕೋಳಿ ತಂದುಕೊಟ್ಟು ತಪ್ಪು ಮಾಡಿದೆ, ಕತ್ತಲಲ್ಲಿ ಜಾರಿಬಿದ್ದಳೇನೋ ಅಂತಲೂ ಬಂತು.

ಆಮೇಲೆ ಅವಳೇ ಫೋನ್ ಮಾಡಿದಳು. “ತಗಡಿನ ಒಂದು ಸ್ಕ್ರೂ ಸಡಿಲವಾಗಿ ಪಟಪಟ ಅಂತಿತ್ತು ಕಣೇ. ಮಳೆ ಸ್ವಲ್ಪ ನಿಂತ ಮೇಲೆ ಛತ್ರಿ ಹಿಡ್ಕೊಂಡು ಹೋಗಿ ಬಿಗಿ ಮಾಡಿ ಬಂದೆ. ಬಾಗಿಲ ಪಕ್ಕದ್ದೇ, ಕೈಗೆ ಎಟುಕ್ತು.” ಆ ಹೊತ್ತಿನಲ್ಲಿ ಯಾಕೆ ಹೋದೆ ಅಂತ ನಾನು ರೇಗಿದೆ. “ಕೂಡಿ ಹಾಕಿರೋಳು ನಾನಲ್ವಾ?” ಅಂದಳು. ನನ್ನ ಬಾಯಿ ಮುಚ್ಚಿತು. ಆ ವಾರಾಂತ್ಯ ಬಂದು ಹಿಂಬಾಗಿಲಿನಿಂದ ಗೂಡಿನವರೆಗೆ ಕಲ್ಲು ಚಪ್ಪಡಿ ಹಾಕಿಸಿದೆ, ಒಂದು ಲೈಟೂ ಹಾಕಿಸಿದೆ. ಅವೆರಡನ್ನು ಮೊದಲ ದಿನವೇ ಯೋಚಿಸಬೇಕಿತ್ತು.

ಅಂಗಡಿಯಿಂದ ಬಂದ ಗೂಡಾಗಿದ್ದರೆ ಯಾವ ಸ್ಕ್ರೂ ಎಲ್ಲಿದೆ ಅಂತ ಅವಳಿಗೆ ಗೊತ್ತಿರುತ್ತಿರಲಿಲ್ಲ. ನಾನು ಬರೋ ತನಕ ತಗಡು ಬಡಿದುಕೊಳ್ಳುತ್ತಲೇ ಇರುತ್ತಿತ್ತು. ಕಟ್ಟಿದ್ದರಿಂದ ನಮಗಾದ ಲಾಭ ಆ 2,900 ರೂಪಾಯಿಯಲ್ಲ, ಇದು.

ಹಾಗಾದರೆ ಕೊಳ್ಳಬೇಕಾ, ಕಟ್ಟಬೇಕಾ?

ನನ್ನನ್ನು ಈಗ ಗೆಳತಿಯರು ಕೇಳ್ತಾರೆ. ನಾನು ತಿರುಗಿ ಕೆಲವು ಪ್ರಶ್ನೆ ಕೇಳ್ತೀನಿ.

ದಿನಾ ಗುಡಿಸೋರು, ಮುಚ್ಚೋರು ಯಾರು? ಅವರನ್ನು ಕರೆದುಕೊಂಡು ಹೋಗಿ ಗೂಡಿನ ಮುಂದೆ ನಿಲ್ಲಿಸಿ, ಬಾಗಿಲು ತೆಗೆಸಿ, ಮೂಲೆಗೆ ಕೈ ಹಾಕಿಸಿ ನೋಡಿ. ಅಂಗಡಿಯವರು ಹೇಳೋ ಕೋಳಿ ಸಂಖ್ಯೆ ಬಿಟ್ಟುಬಿಡಿ, ಟೇಪ್ ಹಿಡಿದು ಚದರಡಿ ಲೆಕ್ಕ ಹಾಕಿ. ಬಲೆಯನ್ನು ಎರಡು ಕೈಯಿಂದ ಎಳೆದು ನೋಡಿ. ನಿಮ್ಮ ಕೈಗೇ ಅದು ಬಗ್ಗಿದರೆ ನಾಯಿಗೆ ಯಾವ ಲೆಕ್ಕ? ನಿಮ್ಮ ಹಿತ್ತಲಲ್ಲಿ ರಾತ್ರಿ ಏನು ಓಡಾಡುತ್ತೆ ಅಂತ ಅಕ್ಕಪಕ್ಕದ ಹಿರಿಯರನ್ನು ಕೇಳಿ. ಹಗಲಿಗೆ ಮುಂಗುಸಿ, ಹದ್ದು. ರಾತ್ರಿಗೆ ನಾಯಿ, ಬೆಕ್ಕು, ಪುನುಗು, ಹಾವು. ಗಾಳಿ ಎಲ್ಲಿಂದ ಬಂದು ಎಲ್ಲಿ ಹೋಗುತ್ತೆ ನೋಡಿ. ಪಟ್ಟಣದಲ್ಲಿದ್ದರೆ ನಗರಸಭೆಯ ನಿಯಮ ಏನು ಅಂತ ಮೊದಲೇ ವಿಚಾರಿಸಿ, ನೆರೆಯವರಿಗೂ ಒಂದು ಮಾತು ಹೇಳಿ.

ಇಷ್ಟಕ್ಕೆಲ್ಲ ಸರಿಹೊಂದುವ ಗೂಡು ಅಂಗಡಿಯಲ್ಲಿ ಸಿಕ್ಕರೆ ಧಾರಾಳವಾಗಿ ಕೊಳ್ಳಿ, ಅದರಲ್ಲಿ ಯಾವ ನಾಚಿಕೆಯೂ ಇಲ್ಲ. ಫ್ರೇಮ್ ಚೆನ್ನಾಗಿದ್ದು ಬಲೆ ಮಾತ್ರ ತೆಳುವಾಗಿದ್ದರೆ ಕೊಂಡು ಬಲೆ ಬದಲಾಯಿಸಬಹುದು. ಸಿಗದಿದ್ದರೆ ನಮ್ಮ ಹಾಗೆ ಅರ್ಧ ಮಾಡಿಸಿ, ಅರ್ಧ ಮಾಡಿಕೊಳ್ಳಿ. ಮುಖ್ಯವಾಗಿ, ಗೂಡು ಮುಗಿಯೋ ಮೊದಲು ಕೋಳಿ ತರಬೇಡಿ. ನಮ್ಮ ಮಾವನಂಥವರಿದ್ದರೆ ಅವರಿಗೂ ಹೇಳಿಡಿ.

ಮೊದಲ ಗಿರಿರಾಜ ಮೊಟ್ಟೆ ಬಂದದ್ದು ಅಕ್ಟೋಬರ್ ಕೊನೆಯಲ್ಲಿ. ಪೆಟ್ಟಿಗೆ ಎರಡಿದ್ದರೂ ಐದೂ ಕೋಳಿಗೆ ಎಡಗಡೆಯದ್ದೇ ಬೇಕು, ಒಂದರ ಹಿಂದೆ ಒಂದು ಕ್ಯೂ ನಿಲ್ತವೆ. ಬಲಗಡೆಯದ್ದನ್ನು ಕರಿಕೋಳಿ ತನ್ನದಾಗಿ ಮಾಡಿಕೊಂಡಿದೆ. ನಾನು ಬೆಂಗಳೂರಿನಲ್ಲಿರುವ ದಿನ ಬೆಳಿಗ್ಗೆ ಆರೂವರೆಗೆ ಅಮ್ಮನ ವಾಟ್ಸ್ಆ್ಯಪ್ ಸಂದೇಶ ಬರುತ್ತೆ. ಮೊದಲೆಲ್ಲ ಗುಡ್ ಮಾರ್ನಿಂಗ್ ಹೂವಿನ ಫೋಟೋ ಕಳಿಸುತ್ತಿದ್ದವಳು ಈಗ ಎರಡೇ ಪದ ಬರೆಯುತ್ತಾಳೆ: “ಆರೂ ಇವೆ.”